ಮಂಡಿ ಬಿಲ್ಲಿಂಗಿಗೆ ಒಂದೇ ಪ್ರೋಗ್ರಾಮೋ, ಮೂರು ಸರ್ವಿಸೋ?

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯ ಲೆಕ್ಕವನ್ನು ಎರಡು ಬಗೆಯಲ್ಲಿ ಕಟ್ಟಿ, ಎರಡಕ್ಕೂ ಅವೇ ಬಿಲ್ಲುಗಳನ್ನು ಹಾಕಿ ನೋಡಿದ್ದಾಯಿತು. ಒಂದರಲ್ಲಿ ಒಂದೇ ಪ್ರೋಗ್ರಾಮು, ಒಂದೇ ಎಸ್‌ಕ್ಯೂಲೈಟ್ ಫೈಲು (ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ). ಇನ್ನೊಂದರಲ್ಲಿ ಬಿಲ್ಲು, ಲಾಟು (ಮಾರಾಟಕ್ಕೆ ಬಂದ ಮಾಲಿನ ರಾಶಿ), ಖಾತೆ ಅಂತ ಬೇರೆ ಬೇರೆಯಾಗಿ ಓಡುವ ಮೂರು ಸರ್ವಿಸು, ಮೂರಕ್ಕೂ ಬೇರೆ ಬೇರೆ ಪೋಸ್ಟ್‌ಗ್ರೆಸ್ (ಸರ್ವರ್ ಆಗಿ ಓಡುವ ಡೇಟಾಬೇಸ್), ನಡುವೆ ಸಂದೇಶ ಸಾಗಿಸಲು ಕಾಫ್ಕಾ.

ಮೊದಲು ಹೊರೆ ಎಷ್ಟಿದೆ ನೋಡಿ. ಸುಗ್ಗಿಯಲ್ಲಿ ದಿನಕ್ಕೆ 400 ಬಿಲ್ಲು, ಬಿಲ್ಲಿಗೆ 6 ಸಾಲು ಅಂತ ಹಿಡಿದರೂ 2,400 ಸಾಲು. ಹತ್ತು ತಾಸಿಗೆ ಹಂಚಿದರೆ 15 ಸೆಕೆಂಡಿಗೆ ಒಂದು. ಇಷ್ಟಕ್ಕೆ ಕಾಫ್ಕಾ ಅಂದರೆ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಒಂದು ಬಿಲ್ಲು ತಗೊಳ್ಳಿ: ಮೆಕ್ಕೆಜೋಳ 42 ಚೀಲ, 25.20 ಕ್ವಿಂಟಾಲ್, ದರ 2,150. ಮಾಲಿನ ಬೆಲೆ 54,180. ದಲಾಲಿ 2% ಅಂತ ಹಿಡಿದರೆ 1,083.60, ಹಮಾಲಿ ಚೀಲಕ್ಕೆ 8ರಂತೆ 336. ಸೇವ್ ಒತ್ತಿದರೆ ಬಿಲ್ಲು ಬರೆಯಬೇಕು, ಲಾಟು ಮಾರಾಟ ಅಂತ ಗುರುತಾಗಬೇಕು, ಖರೀದಿದಾರರ ಖಾತೆಗೆ 55,599.60 ಏರಬೇಕು. ಒಂದೇ ಪ್ರೋಗ್ರಾಮಿನಲ್ಲಿ ಇದು ಒಂದೇ ಟ್ರಾನ್ಸಾಕ್ಷನ್. ನಡುವೆ ಕರೆಂಟು ಹೋದರೆ ಮೂರೂ ಇಲ್ಲ, ಮತ್ತೆ ಒತ್ತಿದರಾಯಿತು.

ಮೂರು ಸರ್ವಿಸಿನಲ್ಲಿ ಬಿಲ್ಲು ಸೇವ್ ಆಗಿ, ಕಾಫ್ಕಾಗೆ ಸಂದೇಶ ಹೋಗುವ ಮೊದಲೇ ಕರೆಂಟು ಹೋದರೆ? ಬಿಲ್ಲು ಕೈಯಲ್ಲಿದೆ, ಖಾತೆಯಲ್ಲಿ ಬಾಕಿಯೇ ಇಲ್ಲ. ಇದಕ್ಕೆ ಮದ್ದು: ಕಳಿಸಬೇಕಾದ ಸಂದೇಶವನ್ನೂ ಬಿಲ್ಲಿನ ಡೇಟಾಬೇಸಿನಲ್ಲೇ, ಅದೇ ಟ್ರಾನ್ಸಾಕ್ಷನ್ನಿನಲ್ಲಿ ಒಂದು ಟೇಬಲ್ಲಿಗೆ ಬರೆದು, ಬೇರೊಂದು ಕೆಲಸಗಾರ ಪ್ರೋಗ್ರಾಮಿನಿಂದ ಕಳಿಸುವುದು. ಆಗ ಅದೇ ಸಂದೇಶ ಎರಡು ಸಲ ಬರಬಹುದು, ಹಾಗಾಗಿ ಖಾತೆ ಸರ್ವಿಸು ಬಿಲ್ ನಂಬರ್ ನೆನಪಿಟ್ಟು ಎರಡನೆಯದನ್ನು ಬಿಡಬೇಕು. ಈ ಕೋಡಿನಲ್ಲಿ ಒಂದು ಸಾಲೂ ಮಂಡಿ ವ್ಯವಹಾರದ್ದಲ್ಲ. ನಾವೇ ಒಡೆದಿದ್ದಕ್ಕೆ ತೆತ್ತ ದಂಡ.

ಎಸ್‌ಕ್ಯೂಲೈಟೂ ಕೈಕೊಡುತ್ತದೆ. ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ಇನ್ನೊಬ್ಬರಿಗೆ ‘ಡೇಟಾಬೇಸ್ ಈಸ್ ಲಾಕ್ಡ್’. ಜರ್ನಲ್ ಮೋಡನ್ನು ವಾಲ್‌ಗೆ (WAL: ಹೊಸ ಬರಹ ಮೊದಲು ಪಕ್ಕದ ಫೈಲಿಗೆ ಹೋಗುವ ಬಗೆ) ಬದಲಿಸಿ, ಪ್ರತಿ ಕನೆಕ್ಷನ್ನಿಗೂ ಬಿಝಿ ಟೈಮ್‌ಔಟ್ (busy_timeout, ಲಾಕ್ ಬಿಡುವವರೆಗೆ ಕಾಯುವ ಹೊತ್ತು) 5000 ಮಿಲಿಸೆಕೆಂಡ್ ಕೊಡಿ. ಬರೆಯುವ ಟ್ರಾನ್ಸಾಕ್ಷನ್ನನ್ನು ಬಿಗಿನ್ ಇಮ್ಮೀಡಿಯೇಟ್‌ನಿಂದಲೇ (BEGIN IMMEDIATE, ಬರೆಯುವ ಲಾಕನ್ನು ಮೊದಲೇ ಹಿಡಿಯುವ ಆಜ್ಞೆ) ಶುರು ಮಾಡಿ. ಮೊದಲು ಓದಿ ಆಮೇಲೆ ಬರೆಯಹೊರಟರೆ ಟೈಮ್‌ಔಟ್ ಇದ್ದರೂ ಕೆಲವೊಮ್ಮೆ ಆ ಕ್ಷಣವೇ ಸೋಲುತ್ತದೆ. ಬ್ಯಾಕಪ್ಪಿಗೆ ಓಡುತ್ತಿರುವ ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕಬೇಡಿ: ಕೊನೆಯ ಬಿಲ್ಲುಗಳು ಪಕ್ಕದ ವಾಲ್ ಫೈಲಿನಲ್ಲೇ ಉಳಿದಿರಬಹುದು. ಓಡುತ್ತಿರುವ ಡೇಟಾಬೇಸಿನ ಪೂರ್ತಿ ಪ್ರತಿಯನ್ನು ಹೊಸ ಫೈಲಿಗೆ ತೆಗೆಯುವ ವ್ಯಾಕ್ಯೂಮ್ ಇನ್‌ಟು (VACUUM INTO) ಆಜ್ಞೆ ಬಳಸಿ. ಫೈಲನ್ನು ಶೇರ್ಡ್ ಫೋಲ್ಡರಿನಲ್ಲಂತೂ ಇಡಲೇಬೇಡಿ. ಒಂದು ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಓಡಲಿ, ಉಳಿದ ಕೌಂಟರುಗಳು ಬ್ರೌಸರಿನಿಂದ ಬರಲಿ.

ದಲಾಲಿ, ಹಮಾಲಿಯ ಲೆಕ್ಕಕ್ಕೆ ರೂಲ್ಸ್ ಎಂಜಿನ್ (ನಿಯಮಗಳನ್ನು ನಡೆಸುವ ಬೇರೆಯೇ ತಂತ್ರಾಂಶ) ಬೇಡ, ಹತ್ತು ಸಾಲಿನ ಫಂಕ್ಷನ್ ಸಾಕು. ಆದರೆ ಎರಡು ವಿಷಯಕ್ಕೆ ‘ಆಮೇಲೆ ನೋಡೋಣ’ ನಡೆಯೋದಿಲ್ಲ. ಹಣವನ್ನು ಪೈಸೆಯ ಪೂರ್ಣಾಂಕದಲ್ಲೇ ಇಡಿ: 1,083.60 ಅಂದರೆ 108360. ಆ ದಿನದ ದರವನ್ನು ಬಿಲ್ಲಿನ ಸಾಲಿನಲ್ಲೇ ಬರೆದಿಡಿ. ಇಲ್ಲವಾದರೆ ಹಮಾಲಿ 8ರಿಂದ 9 ಆದ ದಿನ ಹೋದ ತಿಂಗಳ ಬಿಲ್ಲು ಮತ್ತೆ ಪ್ರಿಂಟ್ ತೆಗೆದರೆ 42 ರೂಪಾಯಿ ಹೆಚ್ಚು ತೋರಿಸುತ್ತದೆ, ಗಿರಾಕಿ ಹಳೆಯ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಚನ್ನಗಿರಿಯಲ್ಲೊಂದು ಶಾಖೆ ತೆರೆದು, ಎರಡೂ ಕಡೆಯಿಂದ ಇದೇ ಖಾತೆಗೆ ಬರೆಯುವ ಕಾಲ ಬಂದರೆ ಪೋಸ್ಟ್‌ಗ್ರೆಸ್‌ಗೆ ಹೋಗಿ. ಆಗಲೂ ಡೇಟಾಬೇಸ್ ಒಂದೇ, ಪ್ರೋಗ್ರಾಮೂ ಒಂದೇ.