ಜಿಪಿಎಸ್‌ಗೆ ಕರೆಂಟ್ ಎಲ್ಲಿಂದ: ಸೆಲ್ಲೋ, ಬೈಕ್ ಬ್ಯಾಟರಿಯೋ, ಪವರ್ ಬ್ಯಾಂಕೋ?

ಬೈಕಿನ ಹ್ಯಾಂಡಲ್‌ಗೆ ಕಟ್ಟಿ ದಾರಿ ನೋಡುವ ಜಿಪಿಎಸ್‌ಗೆ ಕರೆಂಟ್ ಬೇಕಲ್ಲ. ಅರ್ಧ ದಿನದ ಬೈಕ್ ಓಟವಾದರೆ ಎಎ ಸೆಲ್ ಹಾಕುವ ಜಿಪಿಎಸ್ ಸಾಕು. ವೈರ್ ಇಲ್ಲ, ಬಿದ್ದರೂ ಕಿತ್ತುಹೋಗುವಂಥದ್ದು ಏನೂ ಇಲ್ಲ. ಆದರೆ ಸ್ಕ್ರೀನ್ ಬೆಳಕು ಜಾಸ್ತಿ ಇಟ್ಟರೆ ಸೆಲ್ ಬೇಗ ಮುಗಿಯುತ್ತದೆ. ಚಳಿಯಲ್ಲಿ ಆಲ್ಕಲೈನ್ ಸೆಲ್ ಸೊರಗುತ್ತದೆ, ಲಿಥಿಯಂ ಸೆಲ್ ತಡೆದುಕೊಳ್ಳುತ್ತದೆ.

ದಿನಗಟ್ಟಲೆ ಓಡಿಸುವವರಿಗೆ ಬೈಕ್ ಬ್ಯಾಟರಿಯಿಂದ ವೈರ್ ಎಳೆಯುವುದೇ ಸರಿ. ಎಂಜಿನ್ ಓಡುವಾಗ 12 ವೋಲ್ಟ್ ಸಿಸ್ಟಮ್ 14 ವೋಲ್ಟ್ ದಾಟುತ್ತದೆ. ಯುಎಸ್‌ಬಿ ಜಿಪಿಎಸ್‌ಗೆ ಬೇಕಾದದ್ದು 5 ವೋಲ್ಟ್. ಹಾಗಾಗಿ ವೋಲ್ಟೇಜ್ ಇಳಿಸುವ, ನೀರು ಹೋಗದಂಥ ಕನ್ವರ್ಟರ್ ಬೇಕೇ ಬೇಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಕಾಪಾಡುವುದು ಅದೇ ಅಲ್ವಾ? ಕೀ ಆಫ್ ಮಾಡಿದಾಗ ಕರೆಂಟ್ ನಿಲ್ಲುವ ಲೈನಿಗೆ ಜೋಡಿಸಿ. ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟರ್ ತಿರುಗದೇ ಹೋಗಬಹುದು. ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿ, ವೈರ್ ಬಿಗಿಯಾಗಬಾರದು.

ಕಿಕ್ ಮಾತ್ರ ಇರುವ ಕೆಲವು ಬೈಕ್‌ಗಳಲ್ಲಿ ಬ್ಯಾಟರಿಯೇ ಇರುವುದಿಲ್ಲ. ಲೈಟಿನ ವೈರಿನಲ್ಲಿ ಬರುವುದು ಬ್ಯಾಟರಿಯಂಥ ಡಿಸಿ ಅಲ್ಲ, ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ಆಗಿರಬಹುದು. ಅದಕ್ಕೆ ನೇರ ಜೋಡಿಸಿದರೆ ಕನ್ವರ್ಟರ್ ಸುಟ್ಟೀತು. ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಜೊತೆ ಏರಿಳಿತ ತಗ್ಗಿಸುವ ಕೆಪಾಸಿಟರ್ ಹಾಕಿಸಿ, ಇಲ್ಲವೇ ಸೆಲ್ಲನ್ನೇ ನಂಬಿ.

ಪವರ್ ಬ್ಯಾಂಕ್ ನಡುವಿನ ದಾರಿ. ಬೈಕಿಗೆ ಕೈ ಹಚ್ಚಬೇಕಿಲ್ಲ. ಆದರೆ ಅದುರಾಟಕ್ಕೆ ಯುಎಸ್‌ಬಿ ಪ್ಲಗ್ ಸಡಿಲವಾಗುತ್ತದೆ, ಧೂಳು ಸೇರುತ್ತದೆ. ಟ್ಯಾಂಕ್ ಬ್ಯಾಗಿನೊಳಗೆ ಇಡಿ, ವೈರನ್ನು ಪ್ಲಗ್ ಹತ್ತಿರವೇ ಕಟ್ಟಿ.

ನನ್ನ ಆಯ್ಕೆ ಬೈಕ್ ಬ್ಯಾಟರಿ. ಆದರೂ ಜೇಬಿನಲ್ಲಿ ಒಂದು ಜೊತೆ ಸೆಲ್ ಯಾವಾಗಲೂ ಇರುತ್ತದೆ.