ಖಾತೆ ಸಂಖ್ಯೆಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವ ಮುನ್ನ

ವಿದ್ಯಾರ್ಥಿವೇತನ, ಕೂಲಿ, ಸಂಘದ ಡಿವಿಡೆಂಡ್, ಹಾಲಿನ ಬಟವಾಡೆ ಹೀಗೆ ಯಾವುದೇ ಹಣವನ್ನು ಪಟ್ಟಿಯ ಮೂಲಕ ಬ್ಯಾಂಕಿಗೆ ಕಳುಹಿಸುವ ಕಚೇರಿಗಳಲ್ಲಿ ಕೆಲಸ ಮಾಡುವವರು ಈ ಬರಹವನ್ನು ದಯವಿಟ್ಟು ಪೂರ್ತಿ ಓದಬೇಕೆಂದು ಕೋರುತ್ತೇನೆ. ಸಿಎಸ್‌ವಿ ರೂಪದಲ್ಲಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಬರಹದ ಫೈಲ್ ಆಗಿ) ಬಂದ ಖಾತೆಗಳ ಪಟ್ಟಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, ಸಣ್ಣದೊಂದು ತಿದ್ದುಪಡಿ ಮಾಡಿ ಸೇವ್ ಮಾಡಿದರೆ ಸಾಕು, ಖಾತೆ ಸಂಖ್ಯೆಗಳು ಶಾಶ್ವತವಾಗಿ ಕೆಟ್ಟುಹೋಗಬಹುದು. ನಮ್ಮ ಸಂಸ್ಥೆಯಲ್ಲಿ ಹಾಗೆಯೇ ಆಯಿತು, ಅದರ ಕಷ್ಟವನ್ನು ಉಂಡವರು ಬಡ ಮಕ್ಕಳ ತಂದೆ ತಾಯಿಯರು.

ನಾನು ಕೆಲಸ ಮಾಡುವ ಶಿಕ್ಷಣ ಸಂಸ್ಥೆಯು ದಾನಿಗಳು ಕೊಟ್ಟ ನಿಧಿಯಿಂದ ಪ್ರತಿವರ್ಷವೂ ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಸಹಾಯಧನ ನೀಡುತ್ತದೆ. ಪ್ರವೇಶ ವಿಭಾಗದ ಸಾಫ್ಟ್‌ವೇರ್‌ನಿಂದ ವಿದ್ಯಾರ್ಥಿಗಳ ಹೆಸರು, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಇರುವ ಸಿಎಸ್‌ವಿ ಫೈಲ್ ಬರುತ್ತದೆ; ಅದಕ್ಕೆ ಮೊತ್ತದ ಕಾಲಂ ಸೇರಿಸಿ ಬ್ಯಾಂಕಿಗೆ ಕಳುಹಿಸುವುದು ಲೆಕ್ಕಪತ್ರ ವಿಭಾಗದ ಕೆಲಸ. ಆ ವರ್ಷ ಫೈಲ್ ತೆರೆದಾಗ ಖಾತೆ ಸಂಖ್ಯೆಯ ಕಾಲಂನಲ್ಲಿ 1.23457ಇ+15 ಎಂಬಂಥ ವಿಚಿತ್ರ ಬರಹ ಕಾಣಿಸಿತು. ನಮ್ಮ ಗುಮಾಸ್ತರು ಅನುಭವಸ್ಥರು, ಬಹಳ ಜಾಗರೂಕರು. ಎಲ್ಲ ಕಚೇರಿಗಳಲ್ಲಿಯೂ ಮಾಡುವಂತೆ ಅವರು ಆ ಕಾಲಂ ಆಯ್ದುಕೊಂಡು, ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ‘ನಂಬರ್’ ಎಂದು ಬದಲಾಯಿಸಿ, ದಶಮಾಂಶ ಸ್ಥಾನವನ್ನು ಸೊನ್ನೆಗೆ ಇಳಿಸಿದರು. ಕೂಡಲೇ ಹದಿನಾರು ಅಂಕಿಗಳೂ ಅಚ್ಚುಕಟ್ಟಾಗಿ ಮೂಡಿದವು. ಪಟ್ಟಿ ಸರಿಯಾಗಿದೆಯೆಂದು ಎಲ್ಲರೂ ನಂಬಿದರು; ಕಾರ್ಯದರ್ಶಿಗಳ ಸಹಿಯಾಗಿ ಬ್ಯಾಂಕಿಗೆ ಹೋಯಿತು.

ಹಣದ ಒಂದು ದೊಡ್ಡ ಭಾಗ ವಾಪಸ್ ಬಂದಿತು. ಖಾತೆ ನಿಷ್ಕ್ರಿಯವಾಗಿರಬಹುದು, ಕೆವೈಸಿ ಬಾಕಿ ಇರಬಹುದು ಎಂದು ಭಾವಿಸಿ, ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಂಡು ಬರುವಂತೆ ಕಚೇರಿಯು ಪೋಷಕರಿಗೆ ತಿಳಿಸಿತು. ದಿನದ ಕೂಲಿ ಬಿಟ್ಟು, ಬಸ್ ಹಿಡಿದು ಶಾಖೆಗೆ ಹೋದವರಿಗೆ ಅಲ್ಲಿ ಖಾತೆ ಸರಿಯಾಗಿಯೇ ಇದೆ ಎಂಬ ಉತ್ತರ ದೊರೆಯಿತು. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಹತ್ತಿರವಾಗುತ್ತಿದ್ದುದರಿಂದ ಕೆಲವರು ಸಾಲ ಮಾಡಿದರು. ಕೊನೆಗೆ ಒಬ್ಬ ತಾಯಿ ಮಗಳ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟು, “ಸರ್, ಬ್ಯಾಂಕಿನವರು ತಪ್ಪು ನಿಮ್ಮ ಕಡೆಯೇ ಇದೆ ಅಂತಾರೆ, ಒಂದ್ಸಲ ನೀವೇ ನೋಡಿ” ಎಂದರು. ಪಾಸ್‌ಬುಕ್‌ನಲ್ಲಿ ಸಂಖ್ಯೆಯ ಕೊನೆ 01 ಎಂದಿತ್ತು, ನಮ್ಮ ಪಟ್ಟಿಯಲ್ಲಿ 00 ಎಂದಿತ್ತು. ಉಳಿದ ಸಾಲುಗಳನ್ನು ನೋಡುತ್ತ ಹೋದಂತೆ, ಹದಿನಾರು ಅಂಕಿಯ ಖಾತೆಗಳೆಲ್ಲವೂ ಸೊನ್ನೆಯಲ್ಲಿಯೇ ಕೊನೆಗೊಳ್ಳುತ್ತಿದ್ದವು. ಹನ್ನೊಂದು ಅಂಕಿಯ ಖಾತೆಗಳಿದ್ದ ಮಕ್ಕಳಿಗೆ ಮಾತ್ರ ಹಣ ಸುರಕ್ಷಿತವಾಗಿ ತಲುಪಿತ್ತು.

ಕಾರಣ ಇಷ್ಟು. ಸಿಎಸ್‌ವಿ ಎಂಬುದು ಬರೀ ಅಕ್ಷರ, ಅಂಕಿ ಮತ್ತು ಅಲ್ಪವಿರಾಮಗಳ ಫೈಲ್. ಯಾವ ಕಾಲಂ ಲೆಕ್ಕ ಮಾಡಬೇಕಾದ ಸಂಖ್ಯೆ, ಯಾವುದು ಕೇವಲ ಗುರುತಿನ ಸಂಖ್ಯೆ ಎಂಬುದನ್ನು ಅದು ಹೇಳುವುದಿಲ್ಲ. ಬರೀ ಅಂಕಿಗಳಿರುವುದನ್ನು ಕಂಡರೆ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆಯೆಂದೇ ತಿಳಿಯುತ್ತದೆ. ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿರುವ 64 ಬಿಟ್‌ಗಳ ಪದ್ಧತಿಯಲ್ಲಿ ಅದು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ ಮತ್ತು 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹದಿನಾರನೆಯ ಅಂಕಿಯಿಂದ ಮುಂದಿನದೆಲ್ಲವೂ ಸೊನ್ನೆಯಾಗುತ್ತದೆ. ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಗಳಿಗೆ ಲೆಕ್ಕದಲ್ಲಿ ಬೆಲೆಯಿಲ್ಲವಾದ್ದರಿಂದ ಅವು ಬಿದ್ದುಹೋಗುತ್ತವೆ. ಹನ್ನೊಂದು ಅಂಕಿಗಿಂತ ಉದ್ದವಾದದ್ದು ಇ ಅಕ್ಷರವಿರುವ ವೈಜ್ಞಾನಿಕ ರೂಪದಲ್ಲಿ ಕಾಣುತ್ತದೆ. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯೂ ಹಾಗೆಯೇ ಕಾಣುತ್ತದೆ. ಆದರೆ ಅದು ಹದಿನೈದರ ಮಿತಿಯೊಳಗೆ ಇರುವುದರಿಂದ ಅಂಕಿಗಳು ಕಳೆಯುವುದಿಲ್ಲ. ಈ ವ್ಯತ್ಯಾಸವೇ ಜನರನ್ನು ದಾರಿ ತಪ್ಪಿಸುತ್ತದೆ. ಆಧಾರ್ ಕಾಲಂಗೆ ‘ನಂಬರ್’ ಮಾಡಿದಾಗ ಎಲ್ಲವೂ ಸರಿಹೋಯಿತೆಂಬ ಅನುಭವದಿಂದ ಖಾತೆ ಸಂಖ್ಯೆಗೂ ಅದನ್ನೇ ಮಾಡುತ್ತಾರೆ. ಅಲ್ಲಿ ಕಣ್ಣಿಗೆ ಕಾಣುವ ವಿಕಾರ ಮಾತ್ರ ಹೋಗುತ್ತದೆ. ಕಳೆದ ಅಂಕಿ ಮರಳುವುದಿಲ್ಲ. ಆಮೇಲೆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಾಯಿಸಿದರೂ ಬರುವುದಿಲ್ಲ. ಏನನ್ನೂ ಬದಲಾಯಿಸದೆ ಸಿಎಸ್‌ವಿಯಾಗಿ ಸೇವ್ ಮಾಡಿದರಂತೂ ಪರದೆಯ ಮೇಲೆ ಕಂಡ 1.23457ಇ+15 ಎಂಬುದೇ ಫೈಲ್‌ಗೆ ಹೋಗಿ ಕೂರುತ್ತದೆ.

ಹೆಸರು ಸರಿಯಿದ್ದರೆ ಬ್ಯಾಂಕು ತಪ್ಪನ್ನು ಹಿಡಿಯುತ್ತದೆ ಎಂಬ ಭರವಸೆ ಅನೇಕರಲ್ಲಿದೆ. ಅದನ್ನು ದಯವಿಟ್ಟು ಬಿಡಬೇಕು. ಇಲೆಕ್ಟ್ರಾನಿಕ್ ಪಾವತಿಗಳಲ್ಲಿ ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಜಮೆ ಮಾಡಬಹುದೆಂದು, ಸಂಖ್ಯೆಯನ್ನು ಸರಿಯಾಗಿ ಕೊಡುವ ಹೊಣೆ ಕಳುಹಿಸುವವರದೆಂದು ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರ್‌ನಲ್ಲಿಯೇ ಸುತ್ತೋಲೆಯಲ್ಲಿ ತಿಳಿಸಿದೆ. ಬದಲಾದ ಸಂಖ್ಯೆಯ ಖಾತೆ ಇಲ್ಲದಿದ್ದರೆ ಹಣ ವಾಪಸ್ ಬರುತ್ತದೆ. ಅದು ಇನ್ನಾರದೋ ಖಾತೆಯಾಗಿದ್ದರೆ ಹಣ ಅವರಿಗೇ ಸೇರುತ್ತದೆ. ನಮ್ಮ ಮಟ್ಟಿಗೆ ಹಣ ವಾಪಸ್ ಬಂದದ್ದು ದೊಡ್ಡ ಪುಣ್ಯ. ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರನ್ನು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತ್ತು. ದೊಡ್ಡ ಪಟ್ಟಿಯನ್ನು ಕಳುಹಿಸುವ ಮೊದಲು ಅದರಲ್ಲಿನ ಕೆಲವು ಖಾತೆಗಳನ್ನಾದರೂ ಈ ಸೌಲಭ್ಯದಿಂದ ಪರಿಶೀಲಿಸುವುದು ಒಳ್ಳೆಯದು.

ಇದು ಸಣ್ಣ ಕಚೇರಿಗಳ ಅರಿವಿನ ಕೊರತೆಯೆಂದು ಯಾರೂ ಹೇಳದಿರಲಿ. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ, ಎಕ್ಸೆಲ್ ಕೆಲವು ಹೆಸರುಗಳನ್ನು ದಿನಾಂಕಗಳಾಗಿ ಬದಲಾಯಿಸುತ್ತದೆಂಬ ಕಾರಣಕ್ಕೆ, ‘ಮಾರ್ಚ್1’ ಎಂಬುದನ್ನು ‘ಮಾರ್ಚ್‌ಎಫ್1’ ಎಂದೂ ‘ಸೆಪ್ಟ್1’ ಎಂಬುದನ್ನು ‘ಸೆಪ್ಟಿನ್1’ ಎಂದೂ ಬದಲಾಯಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ವಿಜ್ಞಾನಿಗಳಿಗೇ ಈ ಪಾಡಾದರೆ, ತಿಂಗಳ ಕೊನೆಯ ಒತ್ತಡದಲ್ಲಿ ಕೆಲಸ ಮಾಡುವ ಗುಮಾಸ್ತರನ್ನು ದೂರುವುದು ನ್ಯಾಯವಲ್ಲ. ಕೆಲಸದ ಕ್ರಮವನ್ನೇ ಬದಲಾಯಿಸಬೇಕು.

ನಾವು ಈಗ ಸಿಎಸ್‌ವಿ ಫೈಲ್ ಅನ್ನು ನೇರವಾಗಿ ತೆರೆಯುವುದಿಲ್ಲ. ಖಾಲಿ ಎಕ್ಸೆಲ್ ಹಾಳೆಯನ್ನು ತೆರೆದು, ಡೇಟಾ ಟ್ಯಾಬ್‌ನಲ್ಲಿರುವ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ಫೈಲ್ ಅನ್ನು ತರಿಸಿಕೊಂಡು, ಮುನ್ನೋಟದ ಕಿಟಕಿಯಲ್ಲಿ ಡೇಟಾ ಟೈಪ್ ಗುರುತಿಸಬೇಡ ಎಂಬ ಆಯ್ಕೆಯನ್ನು ಕೊಡುತ್ತೇವೆ. ಹಳೆಯ ಎಕ್ಸೆಲ್ ಇರುವವರು ಟೆಕ್ಸ್ಟ್ ಇಂಪೋರ್ಟ್ ವಿಝರ್ಡ್‌ನ ಮೂರನೆಯ ಹಂತದಲ್ಲಿ ಖಾತೆ ಸಂಖ್ಯೆಯ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಬೇಕು. ಲಿಬ್ರೆ ಆಫೀಸ್ ಬಳಸುವವರಿಗೆ ಫೈಲ್ ತೆರೆಯುವಾಗಲೇ ಇಂಥದೊಂದು ಕಿಟಕಿ ಬರುತ್ತದೆ. ಅದನ್ನು ನೋಡದೆ ಓಕೆ ಒತ್ತಬಾರದು. ಕೈಯಿಂದ ಟೈಪ್ ಮಾಡುವುದಾದರೆ ಅಂಕಿಗಳನ್ನು ತುಂಬುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಟ್ಟುಕೊಳ್ಳಬೇಕು. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ಗೆ 2023ರಲ್ಲಿ ಹೊಸ ಸೆಟ್ಟಿಂಗ್ ಬಂದಿದೆ: ಆಪ್ಷನ್ಸ್‌ನ ಡೇಟಾ ಪುಟದಲ್ಲಿ, ಆರಂಭದ ಸೊನ್ನೆಗಳನ್ನು ತೆಗೆಯುವುದನ್ನೂ ಉದ್ದ ಸಂಖ್ಯೆಗಳನ್ನು 15 ಅಂಕಿಗೆ ಇಳಿಸುವುದನ್ನೂ ನಿಲ್ಲಿಸಬಹುದು. ಆದರೆ ಪಟ್ಟಿ ಇನ್ನೊಂದು ಕಂಪ್ಯೂಟರ್‌ಗೆ ಹೋದಾಗ ಅಲ್ಲಿ ಆ ಸೆಟ್ಟಿಂಗ್ ಇರಲೇಬೇಕೆಂದಿಲ್ಲ, ಆದ್ದರಿಂದ ಅದೊಂದನ್ನೇ ನಂಬಿ ಕೂರಬಾರದು.

ಕಣ್ಣಳತೆಯ ಪರೀಕ್ಷೆಯೂ ಒಂದಿದೆ. ಯಾರೂ ಬೇರೆ ರೀತಿ ಜೋಡಿಸದಿದ್ದರೆ, ಎಕ್ಸೆಲ್ ಸಂಖ್ಯೆಯೆಂದು ತಿಳಿದದ್ದು ಸೆಲ್‌ನ ಬಲ ಅಂಚಿಗೆ ನಿಲ್ಲುತ್ತದೆ, ಅಕ್ಷರವೆಂದು ತಿಳಿದದ್ದು ಎಡ ಅಂಚಿಗೆ ನಿಲ್ಲುತ್ತದೆ. ಖಾತೆ ಸಂಖ್ಯೆಗಳು ಬಲಕ್ಕೆ ಸರಿದು ನಿಂತಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಸೇವ್ ಮಾಡದೆ ಫೈಲ್ ಮುಚ್ಚಬೇಕು. ಆರಂಭದ ಸೊನ್ನೆ ಬಿದ್ದುಹೋಗಿದೆಯೇ ಎಂದು ತಿಳಿಯಲು ಪಕ್ಕದ ಕಾಲಂನಲ್ಲಿ ಲೆನ್ ಸೂತ್ರ ಹಾಕಿ ಅಂಕಿಗಳನ್ನು ಎಣಿಸಿ, ಒಂದೇ ಬ್ಯಾಂಕಿನ ಖಾತೆಗಳಲ್ಲಿ ಉದ್ದ ಏರುಪೇರಾಗಿದೆಯೇ ಎಂದು ನೋಡಬೇಕು. ಆದರೆ ಎರಡು ಸಲ ಬಂದ ಖಾತೆಗಳನ್ನು ಹುಡುಕಲು ಕೌಂಟ್‌ಇಫ್ ಸೂತ್ರವನ್ನು ನಂಬಬೇಡಿ. ಅದು ಟೆಕ್ಸ್ಟ್ ಆಗಿರುವ ಅಂಕಿಗಳನ್ನೂ ಸಂಖ್ಯೆಯೆಂದೇ ಹೋಲಿಸುವುದರಿಂದ, ಮೊದಲ ಹದಿನೈದು ಅಂಕಿಗಳು ಒಂದೇ ಆಗಿರುವ ಎರಡು ಬೇರೆ ಬೇರೆ ಖಾತೆಗಳನ್ನು ಒಂದೇ ಎಂದು ತೋರಿಸುತ್ತದೆ. ಅದನ್ನು ನಂಬಿ ಒಂದು ಸಾಲನ್ನು ಅಳಿಸಿದರೆ ಒಂದು ಮಗುವಿನ ಹೆಸರೇ ಪಟ್ಟಿಯಿಂದ ಹೋಗುತ್ತದೆ.

ಐಎಫ್‌ಎಸ್‌ಸಿಯ ಕಾಲಂ ಅನ್ನೂ ಬಿಡದೆ ನೋಡಬೇಕು. ಒಂದೇ ಶಾಖೆಯ ಮಕ್ಕಳಿಗೆಂದು ಮೊದಲ ಸಾಲಿನಲ್ಲಿ ಟೈಪ್ ಮಾಡಿ ಮೂಲೆಯಿಂದ ಕೆಳಕ್ಕೆ ಎಳೆದರೆ, ಕೊನೆಯ ಅಂಕಿ ಪ್ರತಿ ಸಾಲಿನಲ್ಲಿಯೂ ಒಂದೊಂದು ಹೆಚ್ಚುತ್ತ ಹೋಗಿ ಬೇರೆ ಬೇರೆ ಶಾಖೆಗಳ ಕೋಡ್‌ಗಳಾಗುತ್ತವೆ. ಎಳೆದ ನಂತರ ಮೂಡುವ ಚಿಕ್ಕ ಗುಂಡಿಯಲ್ಲಿ ‘ಕಾಪಿ ಸೆಲ್ಸ್’ ಆಯ್ದುಕೊಳ್ಳಬೇಕು.

ಸಾಫ್ಟ್‌ವೇರ್‌ನಿಂದ ಬಂದ ಮೂಲ ಫೈಲ್ ಅನ್ನು ಬೇರೆ ಫೋಲ್ಡರ್‌ನಲ್ಲಿ ಮುಟ್ಟದೆ ಇಡಿ. ಕಳೆದ ಅಂಕಿಗಳು ನಮಗೆ ಮರಳಿ ಸಿಕ್ಕಿದ್ದು ಅಂಥ ಪ್ರತಿಯಿಂದಲೇ. ಹಣ ವಾಪಸ್ ಬಂದರೆ ಪೋಷಕರನ್ನು ಬ್ಯಾಂಕಿಗೆ ಅಟ್ಟುವ ಮೊದಲು ಆ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಕಳುಹಿಸಿದ ಪಟ್ಟಿಯೊಂದಿಗೆ ಅಂಕಿಗೆ ಅಂಕಿ ಹೋಲಿಸಿ ನೋಡಿ. ನೋಟ್‌ಪ್ಯಾಡ್ ಯಾವ ಅಂಕಿಯನ್ನೂ ಬದಲಾಯಿಸುವುದಿಲ್ಲ.