ವರ್ಲ್ಡ್ ವ್ಯಾಲ್ಯೂಸ್ ಸರ್ವೇ ಡೇಟಾ: ವಯಸ್ಸಿನ ವಿಶ್ಲೇಷಣೆಗೆ ಎಷ್ಟು ಒದಗುತ್ತದೆ?

ಹಲವು ದೇಶಗಳ ಜನರ ಮೌಲ್ಯ, ನಂಬಿಕೆಗಳನ್ನು ಕೇಳುತ್ತ 1981ರಿಂದ ಸುತ್ತು ಸುತ್ತಾಗಿ ನಡೆದುಬಂದಿರುವ ಈ ಸಮೀಕ್ಷೆಯ ಡೇಟಾ ಪುಕ್ಕಟೆ ಸಿಗುತ್ತದೆ. ಜಾಲತಾಣದಲ್ಲೇ ಇರುವ ಆನ್‌ಲೈನ್ ಅನಾಲಿಸಿಸ್‌ನಲ್ಲಿ ಸುತ್ತು, ದೇಶ, ಪ್ರಶ್ನೆ ಆರಿಸಿದರೆ 29ರವರೆಗೆ, 30–49, 50 ಮೇಲ್ಪಟ್ಟು ಎಂಬ ಮೂರು ವಯೋಗುಂಪುಗಳ ಕೋಷ್ಟಕ ಬರುತ್ತದೆ. ಮೊದಲ ನೋಟಕ್ಕೆ ಅಷ್ಟು ಸಾಕು, ತೀರ್ಮಾನಕ್ಕೆ ಸಾಲದು: 50ರವರೂ 80ರವರೂ ಒಂದೇ ಗುಂಪಿನಲ್ಲಿ ಬಿದ್ದಿರುತ್ತಾರೆ.

ನಿಜವಾದ ಸರಕು ಇರುವುದು ಎಲ್ಲ ಸುತ್ತುಗಳನ್ನೂ ಜೋಡಿಸಿಕೊಟ್ಟಿರುವ ಟೈಮ್ ಸೀರೀಸ್ ಫೈಲ್‌ನಲ್ಲಿ. ಅದರ ಕಾಲಂಗಳಿಗೆ ಕೋಡ್ ಹೆಸರುಗಳಿವೆ: ವಯಸ್ಸು ಎಕ್ಸ್003, ಸಮೀಕ್ಷೆಯ ವರ್ಷ ಎಸ್020, ವೇಟ್ (ಮಾದರಿಯನ್ನು ಜನಸಂಖ್ಯೆಗೆ ಹೊಂದಿಸಲು ಪ್ರತಿ ಉತ್ತರಕ್ಕೆ ಕೊಡುವ ತೂಕ) ಎಸ್017. ಲೆಕ್ಕಕ್ಕೆ ಇಳಿಯುವ ಮುನ್ನ ಸರಿಯಾದ ಉತ್ತರ ಇಲ್ಲದ್ದನ್ನು ಸೂಚಿಸುವ ಮೈನಸ್ ಕೋಡ್‌ಗಳನ್ನು ತೆಗೆಯಲೇಬೇಕು. ‘ಹೆಚ್ಚಿನವರನ್ನು ನಂಬಬಹುದೇ’ ಎಂಬ ಎ165 ಪ್ರಶ್ನೆಗೆ ನಂಬಬಹುದು 1, ಎಚ್ಚರ ಬೇಕು 2, ಗೊತ್ತಿಲ್ಲ -1. ನೂರು ಜನರಲ್ಲಿ 30 ಮಂದಿ 1, 60 ಮಂದಿ 2, ಹತ್ತು ಮಂದಿ -1 ಎಂದುಕೊಳ್ಳಿ. ಹಾಗೇ ಸರಾಸರಿ ತೆಗೆದರೆ 1.40, ಸರಿಯಾದದ್ದು 1.67. ‘ಗೊತ್ತಿಲ್ಲ’ ಎನ್ನುವವರು ಒಂದು ವಯಸ್ಸಿನಲ್ಲಿ ಹೆಚ್ಚಿದ್ದರಂತೂ ಇಲ್ಲದ ನಂಬಿಕೆ ಆ ವಯಸ್ಸಿನವರ ತಲೆಗೆ ಕಟ್ಟಿದಂತಾಗುತ್ತದೆ.

ಹಲವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಒಂದೇ ಸುತ್ತಿನಲ್ಲಿ 60ರವರಿಗೂ 30ರವರಿಗೂ ವ್ಯತ್ಯಾಸ ಕಂಡರೆ ‘ವಯಸ್ಸಾದಂತೆ ಮನಸ್ಸು ಬದಲಾಗುತ್ತದೆ’ ಎಂದು ಬರೆದುಬಿಡುತ್ತಾರೆ. ಅವರು ಬೇರೆ ಬೇರೆ ಕಾಲದಲ್ಲಿ ಬೆಳೆದವರು, ಓದಿನಲ್ಲೂ ಅಂತರವಿರಬಹುದು. ಎಸ್020ರಿಂದ ಎಕ್ಸ್003 ಕಳೆದು ಹುಟ್ಟಿದ ವರ್ಷ ತೆಗೆಯಿರಿ, ಹತ್ತು ಹತ್ತು ವರ್ಷದ ಪೀಳಿಗೆ ಮಾಡಿ, ಸುತ್ತಿನಿಂದ ಸುತ್ತಿಗೆ ಉತ್ತರ ಹೇಗೆ ಸಾಗಿದೆ ಎಂದು ಪ್ರತಿ ಪೀಳಿಗೆಗೂ ಒಂದೊಂದು ಗೆರೆ ಎಳೆಯಿರಿ. 1990ರಲ್ಲಿ 30ರವರಿದ್ದವರಿಗೆ ಹೋಲಿಕೆ 2020ರ 60ರವರು. ಆಗಲೂ ವಯಸ್ಸಿನ ಪ್ರಭಾವವೂ ಕಾಲದ ಪ್ರಭಾವವೂ ಬೆರೆತೇ ಇರುತ್ತವೆ. ವಯಸ್ಸು, ವರ್ಷ, ಹುಟ್ಟಿದ ವರ್ಷ ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ಬರುವುದರಿಂದ ಮೂರನ್ನೂ ಮಾಡೆಲ್‌ಗೆ ತುಂಬಿ ಬಿಡಿಸಲು ಆಗುವುದಿಲ್ಲ.

ದೊಡ್ಡ ಕೊರತೆ ಇದು: ಪ್ರತಿ ಸುತ್ತಿನಲ್ಲೂ ಹೊಸಬರನ್ನೇ ಕೇಳುತ್ತಾರೆ. ಒಬ್ಬನೇ ವ್ಯಕ್ತಿ ಬದಲಾದನೇ ಎಂಬುದಕ್ಕೆ ಅದೇ ಜನರನ್ನು ಮತ್ತೆ ಮತ್ತೆ ಕೇಳುವ ಪ್ಯಾನೆಲ್ ಸಮೀಕ್ಷೆಯೇ ಬೇಕು. ಪೀಳಿಗೆಗಳ ಕಥೆಗೆ ಮಾತ್ರ ಇಷ್ಟು ದೇಶ, ಇಷ್ಟು ವರ್ಷ ಹಬ್ಬಿದ ಉಚಿತ ಡೇಟಾ ಅಪರೂಪ, ಕಣ್ಣುಮುಚ್ಚಿ ಇಳಿಸಿಕೊಳ್ಳಬಹುದು. ಗುಂಪುಗಳನ್ನು ತೀರಾ ಸಣ್ಣದಾಗಿ ಹೆಚ್ಚಬೇಡಿ: 200 ಜನರ ಗುಂಪಿನಲ್ಲಿ 50 ಶೇಕಡಾ ಬಂದರೆ ನಿಜವಾದ ಪಾಲು ಸುಮಾರು 43ರಿಂದ 57ರ ನಡುವೆ ಎಲ್ಲಾದರೂ ಇರಬಹುದು (95 ಶೇಕಡಾ ವಿಶ್ವಾಸದ ಲೆಕ್ಕ), ವೇಟ್ ಹಾಕಿದರೆ ಆ ಅಂತರ ಸಾಮಾನ್ಯವಾಗಿ ಇನ್ನೂ ಅಗಲ.